‘ರನ್’ ಅಂದರೆ ಬರೀ ಓಡುವುದಲ್ಲ: ಅರ್ಥ ಹಿಡಿಯುವುದು ಹೇಗೆ?

ಇಂಗ್ಲಿಷಿನ ‘ರನ್’ ಅನ್ನುವ ಕ್ರಿಯಾಪದಕ್ಕೆ ಎಷ್ಟು ಅರ್ಥ ಇರಬಹುದು? ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ನಿಘಂಟುಕಾರ ಪೀಟರ್ ಗಿಲಿವರ್ ಈ ಒಂದೇ ಪದವನ್ನು ಹಿಡಿದು ಒಂಬತ್ತು ತಿಂಗಳು ಕೂತರು. ಕೊನೆಗೆ ಸಿಕ್ಕಿದ್ದು 645 ಅರ್ಥ. 1989ರ ಆವೃತ್ತಿಯಲ್ಲಿ ಮೊದಲ ಸ್ಥಾನದಲ್ಲಿದ್ದ ‘ಸೆಟ್’ ಕೂಡ ಇದರ ಮುಂದೆ ಹಿಂದೆ ಬಿತ್ತು.

ಇಷ್ಟನ್ನೂ ಬಾಯಿಪಾಠ ಮಾಡಲು ಹೊರಟರೆ ಆಯಿತು ಕಥೆ. ಅದರ ಅಗತ್ಯವೂ ಇಲ್ಲ. ಓಡು, ಹರಿ, ನಡೆ ಅನ್ನುವ ಮೂರು ಕ್ರಿಯಾಪದ ನಮ್ಮ ಹತ್ತಿರ ಆಗಲೇ ಇವೆ. ದಿನಾ ಎದುರಾಗುವ ‘ರನ್’ಗಳಲ್ಲಿ ಬಹಳಷ್ಟು ಈ ಮೂರರಲ್ಲೇ ಬಗೆಹರಿಯುತ್ತವೆ.

ಮೊದಲು ‘ರನ್’ ಮುಂಚೆ ಬಂದಿರುವುದು ಯಾರು, ಯಾವುದು ಅಂತ ನೋಡಿ. ಮನುಷ್ಯ, ನಾಯಿ, ರೈಲು ಆದರೆ ಓಡು. ‘ದಿ ಫಿಲ್ಮ್ ರ‍್ಯಾನ್ ಫಾರ್ ಸಿಕ್ಸ್ ಮಂತ್ಸ್’ ಅಂದರೆ ಸಿನಿಮಾ ಆರು ತಿಂಗಳು ಓಡಿತು, ನಾವೂ ಹಾಗೇ ಹೇಳುತ್ತೇವೆ ಅಲ್ವಾ? ನದಿ, ಕಣ್ಣೀರು ಆದರೆ ಹರಿ. ‘ಮೈ ನೋಸ್ ಈಸ್ ರನ್ನಿಂಗ್’ ಇದರ ಗುಂಪಿಗೇ ಸೇರಿದ್ದು, ಮೂಗು ಸೋರುತ್ತಿದೆ ಅಂತ. ಬಟ್ಟೆ ಒಗೆದ ಮೇಲೆ ‘ದಿ ಕಲರ್ಸ್ ರ‍್ಯಾನ್’ ಅಂದರೆ ಬಣ್ಣ ಬಿಟ್ಟಿತು. ಯಂತ್ರ, ಅಂಗಡಿ, ಕೋರ್ಸು ಇವೆಲ್ಲ ನಡೆಯುತ್ತವೆ. ಸ್ವಲ್ಪ ವಿಚಿತ್ರ ಅನ್ನಿಸುವುದು ‘ದಿ ರೋಡ್ ರನ್ಸ್ ಅಲಾಂಗ್ ದಿ ರಿವರ್’ ತರಹದ್ದು. ರಸ್ತೆ ಎಲ್ಲಿಗೂ ಹೋಗುತ್ತಿಲ್ಲ, ಆದರೂ ನದಿಯ ಪಕ್ಕದಲ್ಲೇ ‘ಸಾಗುತ್ತದೆ’.

ಆಮೇಲೆ ‘ರನ್’ ಆದ ಕೂಡಲೇ ಏನು ಬಂದಿದೆ ನೋಡಿ. ಅಲ್ಲಿ ಒಂದು ನಾಮಪದ ನೇರವಾಗಿ ಕೂತಿದ್ದರೆ ನಮ್ಮ ಕ್ರಿಯಾಪದಕ್ಕೆ ‘ಇಸು’ ಸೇರಿಸಿ. ‘ಶಿ ರನ್ಸ್’ ಅಂದರೆ ಓಡುತ್ತಾಳೆ, ‘ಶಿ ರನ್ಸ್ ಎ ಸ್ಕೂಲ್’ ಅಂದರೆ ಶಾಲೆ ನಡೆಸುತ್ತಾಳೆ. ‘ರನ್ ಎ ಟೆಸ್ಟ್’ ಅಂದರೆ ಪರೀಕ್ಷೆ ನಡೆಸು. ಇಂಗ್ಲಿಷ್‌ನಲ್ಲಿ ಎರಡಕ್ಕೂ ಒಂದೇ ರೂಪ ಇರುವುದರಿಂದಲೇ ಗೊಂದಲ ಆಗುವುದು. ಈ ಉಪಾಯ ಎಲ್ಲ ಕಡೆ ನಡೆಯುವುದಿಲ್ಲ, ಅದೂ ನಿಜ. ‘ರನ್ನಿಂಗ್ ಎ ಫೀವರ್’ ಅಂದರೆ ಜ್ವರ ಬಂದಿದೆ ಅಂತ ಅಷ್ಟೇ. ‘ರನ್ ಎ ರೆಡ್ ಲೈಟ್’ ಅಂದರೆ ಕೆಂಪು ದೀಪ ಇದ್ದರೂ ಗಾಡಿ ನುಗ್ಗಿಸುವುದು. ಇಂಥವನ್ನು ಸುಮ್ನೆ ಇಡೀ ಮಾತಾಗಿಯೇ ಕಲಿಯಬೇಕು.

‘ರನ್’ ಆದ ಮೇಲೆ ಗುಣ ಹೇಳುವ ಪದ ಬಂದರೆ ಓಟದ ಮಾತೇ ಬಿಡಿ, ‘ಆಗು’ ಹಾಕಿ ನೋಡಿ. ‘ರನ್ ಡ್ರೈ’ ಬತ್ತಿ ಹೋಗುವುದು, ‘ರನ್ ಲೋ’ ಕಡಿಮೆ ಆಗುವುದು, ‘ರನ್ನಿಂಗ್ ಲೇಟ್’ ತಡ ಆಗುತ್ತಿರುವುದು.

ಜಾಸ್ತಿ ಜನ ಎಡವುವುದು ಇದರ ಬಾಲಕ್ಕೆ ಅಂಟಿಕೊಳ್ಳುವ ಸಣ್ಣ ಪದಗಳಲ್ಲಿ. ‘ರನ್ ಇಂಟು’ ತೆಗೆದುಕೊಳ್ಳಿ. ಗೆಳೆಯನಿಗೆ ‘ರನ್ ಇಂಟು’ ಆದರೆ ಅಚಾನಕ್ ಸಿಕ್ಕ ಅಂತ, ಕಾರು ಮರಕ್ಕೆ ಆದರೆ ಗುದ್ದಿತು ಅಂತ, ಖರ್ಚು ಲಕ್ಷಕ್ಕೆ ಆದರೆ ಲಕ್ಷ ಮುಟ್ಟಿತು ಅಂತ. ‘ರನ್ ಓವರ್’ ಇನ್ನೂ ಅಪಾಯ. ಮೀಟಿಂಗು ‘ರ‍್ಯಾನ್ ಓವರ್’ ಅಂದರೆ ಹೊತ್ತು ಮೀರಿತು, ಆದರೆ ಬಸ್ಸು ಒಬ್ಬರನ್ನು ‘ರ‍್ಯಾನ್ ಓವರ್’ ಅಂದರೆ ಅವರ ಮೇಲೆ ಹರಿಯಿತು. ‘ರನ್ ಡೌನ್’ ಬ್ಯಾಟರಿಗೆ ಬಂದರೆ ಚಾರ್ಜ್ ಖಾಲಿ, ವ್ಯಕ್ತಿಗೆ ಬಂದರೆ ಹೀಯಾಳಿಸುವುದೂ ಇರಬಹುದು, ಗಾಡಿ ಗುದ್ದಿ ಬೀಳಿಸುವುದೂ ಇರಬಹುದು, ಪೂರ್ತಿ ವಾಕ್ಯ ಓದದೆ ತೀರ್ಮಾನಿಸಬೇಡಿ. ಆಫೀಸಿನಲ್ಲಿ ಯಾರಾದರೂ ‘ರನ್ ಇಟ್ ಬೈ ಮಿ’ ಅಂದರೆ ಎಲ್ಲೂ ಓಡಬೇಕಿಲ್ಲ, ಅವರಿಗೆ ಒಮ್ಮೆ ಹೇಳಿ ಅಭಿಪ್ರಾಯ ಕೇಳಿದರೆ ಸಾಕು.

ಕ್ರಿಕೆಟ್‌ನ ‘ರನ್ ಔಟ್’ ಎಲ್ಲರಿಗೂ ಗೊತ್ತು. ಅದರಿಂದಲೇ ‘ರನ್ ಔಟ್ ಆಫ್’ ಕಂಡಾಗ ತಲೆ ಅಲ್ಲಿಗೇ ಹೋಗುತ್ತದೆ. ಇದರ ಅರ್ಥ ಖಾಲಿ ಆಗುವುದು. ‘ಆಫ್’ ಯಾವಾಗ ಬೇಕು ಅನ್ನುವುದಕ್ಕೆ ದಾರಿ ಸುಲಭ: ಮುಗಿಯುವ ವಸ್ತುವೇ ಮೊದಲು ಬಂದರೆ ‘ಆಫ್’ ಬೇಡ (‘ಟೈಮ್ ಈಸ್ ರನ್ನಿಂಗ್ ಔಟ್’), ಅದನ್ನು ಬಳಸುವವರು ಮೊದಲು ಬಂದು ವಸ್ತು ಆಮೇಲೆ ಬಂದರೆ ‘ಆಫ್’ ಬೇಕೇ ಬೇಕು (‘ವಿ ಆರ್ ರನ್ನಿಂಗ್ ಔಟ್ ಆಫ್ ಟೈಮ್’).

ಚುನಾವಣೆಯದು ತಮಾಷೆ. ಅಮೆರಿಕದವರು ಚುನಾವಣೆಗೆ ‘ರನ್’ ಮಾಡುತ್ತಾರೆ, ಬ್ರಿಟನ್ನಿನವರು ‘ಸ್ಟ್ಯಾಂಡ್’. ನಾವೂ ನಿಲ್ಲುವವರೇ. ಹಾಗಾಗಿ ಅಮೆರಿಕದ ಸುದ್ದಿ ಓದುವಾಗ ಈ ಒಂದು ಕಡೆ ಓಟವನ್ನು ನಿಲ್ಲುವುದು ಅಂತಲೇ ಓದಿಕೊಳ್ಳಿ.

ರೂಪದಲ್ಲಿ ಒಂದೇ ಎಚ್ಚರ: ನಿನ್ನೆಯದಕ್ಕೆ ‘ರ‍್ಯಾನ್’, ಆದರೆ ‘ಹ್ಯಾವ್’, ‘ಹ್ಯಾಸ್’, ‘ಹ್ಯಾಡ್’ ಆದ ಮೇಲೆ ಮತ್ತೆ ‘ರನ್’. ‘ಹ್ಯಾವ್ ರ‍್ಯಾನ್’ ತಪ್ಪು.

ನಿಘಂಟು ತೆರೆದರೆ ಮೊದಲ ಸಾಲು ನೋಡಿ ಮುಚ್ಚಬೇಡಿ. ದೊಡ್ಡ ಆಕ್ಸ್‌ಫರ್ಡ್‌ನಲ್ಲಿ ಅರ್ಥಗಳು ಇತಿಹಾಸದ ಕ್ರಮದಲ್ಲಿ ಇರುತ್ತವೆ, ಹಳೆಯದು ಮೊದಲು. ಕಲಿಯುವವರಿಗೆ ಲರ್ನರ್ಸ್ ಡಿಕ್ಷನರಿ ವಾಸಿ. ಅದರಲ್ಲಿ ‘ಇಂಟು’, ‘ಓವರ್’, ‘ಡೌನ್’ ಅಂಟಿಕೊಂಡ ರೂಪಗಳನ್ನು ಸಾಮಾನ್ಯವಾಗಿ ಆ ಪದದ ವಿವರಣೆಯ ಕೊನೆಯಲ್ಲಿ ಬೇರೆಯಾಗಿ ಕೊಟ್ಟಿರುತ್ತಾರೆ. ‘ರನ್’ ಆದ ಮೇಲೆ ಇಂಥ ಸಣ್ಣ ಪದ ಕಂಡರೆ ಹುಡುಕಾಟವನ್ನು ನೇರ ಅಲ್ಲಿಂದಲೇ ಶುರು ಮಾಡಿ.