ರಂಗದಿಂದ ತೆರೆಗೆ: ಪೋಷಕ ನಟಿಯಾಗಬಯಸುವವರಿಗೆ

ಪೋಷಕ ನಟಿಯಾಗಿ ದೀರ್ಘಕಾಲ ನಿಲ್ಲಬೇಕೆಂದರೆ ಮೊದಲು ರಂಗಭೂಮಿಯಲ್ಲಿ ಪಳಗಬೇಕು. ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರದಲ್ಲಿ ಕಲಿಯಬಹುದು, ಇಲ್ಲವೇ ಊರಿನ ಹವ್ಯಾಸಿ ತಂಡವನ್ನು ಸೇರಬಹುದು. ಮುದುಕಿಯ ಪಾತ್ರ ಬಂದರೆ ಬೇಡವೆನ್ನಬೇಡಿ. ‘ಒಡಲಾಳ’ ನಾಟಕದಲ್ಲಿ ಸಾಕವ್ವನೆಂಬ ಮುದುಕಿಯಾಗಿ ಹೆಸರಾದ ಉಮಾಶ್ರೀಯವರು, ಚಿತ್ರರಂಗದಲ್ಲಿ ಬಹುಕಾಲ ಹಾಸ್ಯ ಪಾತ್ರಗಳಲ್ಲೇ ಕಾಣಿಸಿಕೊಂಡಿದ್ದರೂ, ಮುಂದೆ 2008ರ ‘ಗುಲಾಬಿ ಟಾಕೀಸ್’ ಚಿತ್ರಕ್ಕಾಗಿ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಪಡೆದರು. ಮುದುಕಿಯ ಪಾತ್ರಕ್ಕೆ ಸಿದ್ಧರಾಗುವಾಗ ಬೆನ್ನು ಬಗ್ಗಿಸುವುದರಿಂದ ಆರಂಭಿಸದೆ, ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿ ನೆಲಕ್ಕೆ ಕೈಯೂರಿ ಏಳುವ ಬಗೆಯನ್ನು, ಸೆರಗಿನ ಗಂಟು ಬಿಚ್ಚಿ ಚಿಲ್ಲರೆ ಎಣಿಸುವ ನಿಧಾನವನ್ನು ದಿನಗಟ್ಟಲೆ ಗಮನಿಸಿ. ವಯಸ್ಸು ಮೊದಲು ಕಾಣುವುದು ಕೈಬೆರಳುಗಳಲ್ಲಿ ಎಂಬುದು ನನ್ನ ನಂಬಿಕೆ. ಕ್ಯಾಮೆರಾದ ಮುಂದೆ ನಿಂತಾಗ, ಕೊನೆಯ ಸಾಲಿನ ಪ್ರೇಕ್ಷಕರಿಗೂ ಮುಟ್ಟಿಸುತ್ತಿದ್ದ ದನಿಯನ್ನು ತಗ್ಗಿಸಿ, ಕ್ಲೋಸಪ್‌ನಲ್ಲಿ ಕಣ್ಣುಗಳಿಗೇ ಕೆಲಸ ಕೊಡಿ. ಪಾತ್ರ ಒಪ್ಪಿಕೊಳ್ಳುವ ಮೊದಲೇ ಸಂಭಾವನೆಯನ್ನು ಬರಹದಲ್ಲಿ ಖಚಿತಪಡಿಸಿಕೊಳ್ಳಿ.