ಗಾಳಿಗೆ ಗಾಳ ಹಾಕೋನಿಗೆ ಕೊನೆಗೂ ಟ್ರೌಟ್ ಬಿತ್ತು: ನನ್ನ ಅನುಭವ

ನಮ್ಮ ಗಾಳದ ಗೆಳೆಯರ ಗುಂಪಿನಲ್ಲಿ ನನ್ನ ಅಡ್ಡಹೆಸರು ‘ಗಾಳಿಗಾಳ’. ನಾಲ್ಕು ವರ್ಷದಲ್ಲಿ ನಾನು ನೀರಿಗೆ ಹಾಕಿದ್ದಕ್ಕಿಂತ ಗಾಳಿಗೆ ಹಾಕಿದ್ದೇ ಹೆಚ್ಚು ಅಂತ ಅವರ ವಾದ. ಪೂರ್ತಿ ಸುಳ್ಳೂ ಅಲ್ಲ. ಹಿಮಾಚಲದ ತೀರ್ಥನ್ ನದಿಗೆ ಮೂರು ಸಲ ಹೋಗಿ ಬಂದು ತೋರಿಸೋಕೆ ಇದ್ದದ್ದು ಒಂದೇ ಒಂದು ಮೀನು, ಅದೂ ಅಂಗೈಗಿಂತ ಸ್ವಲ್ಪ ದೊಡ್ಡದು. ಆದರೆ ಕಳೆದ ಅಕ್ಟೋಬರ್‌ನಲ್ಲಿ ಅದೇ ನದಿಯಲ್ಲಿ ಮೂರೂವರೆ ದಿನಕ್ಕೆ ಹನ್ನೊಂದು ಬ್ರೌನ್ ಟ್ರೌಟ್, ತಣ್ಣೀರಿನ ಮೀನು, ಬಿದ್ದವು. ಹನ್ನೆರಡೂ ಇರಬಹುದು, ಒಂದು ಕೈಗೆ ಬರೋ ಹೊತ್ತಿಗೆ ಜಾರಿತು. ಎಲ್ಲವೂ ಹನುಮಂತನಗರದ ನಮ್ಮ ಮನೆಯ ಊಟದ ಮೇಜಿನ ಮೇಲೆ ಕಟ್ಟಿದ ಫ್ಲೈಗೆ, ಅಂದರೆ ಹುಳದಂತೆ ಕಾಣಲು ಪುಕ್ಕ, ದಾರ ಸುತ್ತಿದ ಗಾಳಕ್ಕೆ, ಬಿದ್ದವು. “ಸ್ಪಿನ್ನರ್ ಹಾಕಿರ್ತೀಯ, ಬಿಡೋ ಮಾರಾಯ” ಅಂದವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಸ್ಪಿನ್ನರ್ ಅಂದರೆ ನೀರಲ್ಲಿ ತಿರುಗಿ ಮಿನುಗುವ ಲೋಹದ ಗಾಳ.

ಕಾಸ್ಟಿಂಗ್ (ಲೈನ್ ಬೀಸಿ ಎಸೆಯುವ) ಪಾಠ ಇಲ್ಲಿ ಬೇಡ, ಓದುವವರಿಗೆ ರಾಡ್ ಹಿಡಿದು ಗೊತ್ತಿರುತ್ತೆ. ನಾನು ಎಲ್ಲಿ ಎಡವಿದೆ ಅನ್ನೋದನ್ನು ಹೇಳ್ತೀನಿ.

ಎಡವಿದ್ದು ತಾರಸಿಯ ಮೇಲೆ. ಬೆಂಗಳೂರಲ್ಲಿ ಹರಿಯೋ ತಣ್ಣೀರು ಎಲ್ಲಿದೆ? ಬೆಳಗ್ಗೆ ಆರಕ್ಕೆ ಸಿಂಟೆಕ್ಸ್ ಟ್ಯಾಂಕಿನ ಪಕ್ಕ ನಿಂತು ಒಂಬತ್ತಡಿಯ ಐದು ವೇಯ್ಟ್ (ಹೊರುವ ಲೈನಿನ ತೂಕದ ಅಂಕ) ರಾಡ್ ಬೀಸುತ್ತಿದ್ದೆ, ಲೀಡರ್ (ಲೈನಿನ ಕೊನೆಯ ತೆಳು ನೈಲಾನ್ ದಾರ) ತುದಿಗೆ ಗಾಳದ ಬದಲು ಕೆಂಪು ಉಲ್ಲನ್ ತುಂಡು. ಬ್ಯಾಕ್ ಕಾಸ್ಟ್ ಎರಡು ಸಲ ಕೇಬಲ್ ಟೀವಿ ವೈರಿಗೆ, ಒಂದು ಸಲ ಹಿಂದಿನ ಮನೆಯವರ ಒಣಗಿಹಾಕಿದ ಪಂಚೆಗೆ ಸಿಕ್ಕಿಕೊಂಡಿತು. ಆ ಮನೆಯ ಅಜ್ಜಿ ತಿಂಗಳುಗಟ್ಟಲೆ ನೋಡಿ ಒಂದು ದಿನ ಕೇಳಿಯೇ ಬಿಟ್ಟರು, “ಏನಪ್ಪಾ, ಪಾರಿವಾಳ ಓಡಿಸ್ತಿದೀಯಾ? ಹಾಗಿದ್ರೆ ನಮ್ ಕಡೆಗೂ ಒಂಚೂರು ಬೀಸು.” ಭಾನುವಾರ ನ್ಯಾಷನಲ್ ಕಾಲೇಜು ಮೈದಾನಕ್ಕೆ ಹೋದರೆ ಕ್ರಿಕೆಟ್ ಹುಡುಗರು, “ಅಂಕಲ್, ಗಾಳಿಪಟ ಎಲ್ಲಿ?” ಒಂದು ವರ್ಷದಲ್ಲಿ ಐವತ್ತೈದು ಅಡಿ, ಗಾಳಿ ಹಿಂದಿನಿಂದ ಬಂದರೆ ಅರವತ್ತು ಅಡಿ ಹಾಕೋಕೆ ಬಂತು. ಬೀಗಿದೆ. ಆ ಅರವತ್ತು ಅಡಿಯೇ ನನ್ನನ್ನು ಮೂರು ವರ್ಷ ಹಾಳು ಮಾಡಿತು.

ದುಡ್ಡಿನ ಮಾತು ಮೊದಲೇ ಮುಗಿಸಿಬಿಡ್ತೀನಿ. ರಾಡ್ ಹೊರದೇಶದಿಂದ ತರಿಸಿದ್ದು, ಹದಿನಾಲ್ಕು ಸಾವಿರದ ಆಸುಪಾಸು. ಅದರ ಮೇಲೆ ಸುಂಕ, ಕೊರಿಯರ್‌ನವರ ಅದೂ ಇದೂ ಸೇರಿ ಇನ್ನಾರು ಸಾವಿರ. ರೀಲು, ಲೈನು ಹತ್ತು ಸಾವಿರ. ಒಂದೊಂದು ಪ್ರವಾಸಕ್ಕೆ ವಿಮಾನ, ಬಸ್ಸು, ಊಟ, ವಸತಿ ಎಲ್ಲ ಸೇರಿ ಮೂವತ್ತು ಸಾವಿರ ಹಿಡಿಯಿರಿ. ನಾಲ್ಕು ವರ್ಷಕ್ಕೆ ಒಂದೂವರೆ ಲಕ್ಷಕ್ಕೆ ಕಡಿಮೆಯಿಲ್ಲ. ಸಾಲ ತೀರದ ಮನೆಯಲ್ಲಿ ಇಷ್ಟೆಲ್ಲ ಸಾಮಾನು ಬಂದಿಳಿದಾಗ ಹೆಂಡತಿ ಹೇಳಿದ್ದು, “ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು.” ಮೂರನೇ ಪ್ರವಾಸ ಮುಗಿಸಿ ಬಂದಾಗ ಅವಳೇ ಕೂತು ಲೆಕ್ಕ ಹಾಕಿ, ಆ ಒಂದು ಮೀನಿನ ದುಡ್ಡಿಗೆ ರಸೆಲ್ ಮಾರ್ಕೆಟ್‌ನಲ್ಲಿ ಎಷ್ಟು ಕಿಲೋ ಅಂಜಲ್ ಬರ್ತಿತ್ತು ಅಂತ ಫ್ರಿಜ್ ಮೇಲೆ ಚೀಟಿ ಅಂಟಿಸಿದಳು. ಚೀಟಿ ಇನ್ನೂ ಇದೆ.

“ಅಷ್ಟು ದೂರ ಯಾಕೆ, ಊಟಿ ಹತ್ತಿರ ಅವಲಾಂಚಿ ಇಲ್ವಾ?” ಅಂತ ಕೇಳೋರಿದ್ದಾರೆ. ಇದೆ, 1907ರಲ್ಲೇ ಅಲ್ಲಿ ಟ್ರೌಟ್ ಮರಿ ಮಾಡುವ ಕೇಂದ್ರ ಶುರುವಾಗಿತ್ತು. ಅಲ್ಲಿರೋದು ಬೇರೆ ಜಾತಿಯ ಟ್ರೌಟ್, ರೇನ್‌ಬೋ, ಸುತ್ತ ಅರಣ್ಯ ಇಲಾಖೆಯ ಜಾಗ, ಅನುಮತಿಯ ಓಡಾಟ ಬೇರೆ. ನನಗೆ ಬೇಕಿದ್ದದ್ದು ಕಲ್ಲಿಗೆ ಬಡಿದು ಹರಿಯುವ ನದಿ, ಅದರಲ್ಲಿ ತಾನೇ ಹುಟ್ಟಿ ಬೆಳೆದ ಮೀನು. ಕುಲ್ಲು ಕಡೆಗೆ ಬ್ರೌನ್ ಟ್ರೌಟ್ ಬಂದದ್ದು 1909ರ ಸುಮಾರಿಗೆ, ಬ್ರಿಟಿಷರ ಕಾಲದಲ್ಲಿ ಕಾಶ್ಮೀರದಿಂದ ತಂದ ಮೊಟ್ಟೆಗಳಿಂದ. ಈಗ ಅವು ಅಲ್ಲಿನವೇ ಆಗಿಹೋಗಿವೆ. ತೀರ್ಥನ್‌ಗೆ ಜಲವಿದ್ಯುತ್ ಯೋಜನೆಗಳು ಬೇಡ ಅಂತ ಅಲ್ಲಿನವರು ಹೋರಾಡಿ ನದಿಯನ್ನು ಉಳಿಸಿಕೊಂಡಿದ್ದಾರೆ, ಅದಕ್ಕೇ ನೀರು ಇನ್ನೂ ಹಾಗಿದೆ. ಚಂಡೀಗಢದವರೆಗೆ ವಿಮಾನ, ಅಲ್ಲಿಂದ ರಾತ್ರಿ ಬಸ್ಸು. ಔಟ್ ಅನ್ನೋ ಊರಿನ ಸುರಂಗಕ್ಕೆ ಮುಂಚೆಯೇ ಇಳಿದರೆ ಬಂಜಾರ್ ಕಡೆಗೆ ಜೀಪು. ನಾನು ಉಳಿಯುವುದು ಗುಶೈನಿ ದಾರಿಯ ಒಂದು ಮರದ ಮನೆಯಲ್ಲಿ. ಹಿಂದೆ ಸೇಬಿನ ತೋಟ, ಕೊಟ್ಟಿಗೆಯಲ್ಲಿ ಎರಡು ಹಸು, ಮುಂದೆ ನದಿ. ಮನೆಯ ಯಜಮಾನರಿಗೆ ಎಪ್ಪತ್ತು ದಾಟಿದೆ, ಎಲ್ಲರಿಗೂ ಅವರು ಬಾಬೂಜಿ.

ಮೊದಲ ಸಲ ಏಪ್ರಿಲ್. ನಾಲ್ಕು ದಿನ ಡ್ರೈ ಫ್ಲೈ (ನೀರಿನ ಮೇಲೆ ತೇಲುವ ಫ್ಲೈ), ಅದೂ ಆಚೆ ದಡದ ನೆರಳಿಗೆ. ನಡುವೆ ಮೂರು ಬೇರೆ ಬೇರೆ ವೇಗದ ನೀರು. ಫ್ಲೈ ಬಿದ್ದ ಎರಡನೇ ಸೆಕೆಂಡಿಗೆ ಲೈನು ಬಿಲ್ಲಿನಂತೆ ಬಗ್ಗಿ ಅದನ್ನು ಎಳೆದುಕೊಂಡು ಹೋಗೋದು. ಮೆಂಡ್ ಮಾಡಿ ಮಾಡಿ, ಅಂದರೆ ಆ ಬಾಗನ್ನು ಮತ್ತೆ ಮೇಲಕ್ಕೆ ಎತ್ತಿ ಹಾಕಿ, ಭುಜ ಬಿತ್ತು. ಸೊನ್ನೆ. ಎರಡನೇ ಸಲ ರಜೆ ಸಿಕ್ಕಿತು ಅಂತ ಮೇ ಕೊನೆಗೆ ಹೋದೆ. ಹಿಮ ಕರಗಿ ನೀರು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗೆ, ಸೊಂಟದವರೆಗೆ ರಭಸ. ಮೂರು ದಿನ ಬಾಬೂಜಿಯ ಹಸುಗಳ ಜೊತೆ ಕಾಲ ಕಳೆದೆ. ಪಕ್ಕದ ಕೋಣೆಯವರು ಸಾಕಣೆ ಕೊಳದಿಂದ ಎರಡು ರೇನ್‌ಬೋ ಕೊಂಡು, ನದಿಯಲ್ಲಿ ಹಿಡಿದವರ ಹಾಗೆ ಫೋಟೋ ತೆಗೆಸಿಕೊಂಡರು. ಫೋಟೋ ತೆಗೆದುಕೊಟ್ಟವನು ನಾನೇ.

ಬಾಬೂಜಿಯ ಮಗ ಸ್ಪಿನ್ನರ್ ಬೀಸೋನು. ಅವನ ತೀರ್ಪು, “ಸಾಹೇಬರೇ, ಪುಕ್ಕ ಕಟ್ಟಿದ ಗಾಳ ಇಂಗ್ಲೆಂಡಿನ ನದಿಗೆ ಸರಿ. ಈ ನೀರಿಗೆ ಆಗಲ್ಲ.” ಇಲ್ಲಿ ನಮ್ಮ ಗುಂಪಿನವರೂ ಅದನ್ನೇ ಹೇಳಿದರು.

ಮೂರನೇ ಸಲ ಮಾರ್ಚ್. ಆ ಕಡೆ ನವೆಂಬರ್ ಒಂದರಿಂದ ಫೆಬ್ರವರಿ ಕೊನೆಯವರೆಗೆ ಟ್ರೌಟ್‌ಗೆ ನಿಷೇಧ, ಮೊಟ್ಟೆ ಇಡುವ ಕಾಲ. ಬಾಗಿಲು ತೆಗೆದ ವಾರವೇ ಹೋದೆ. ಚಂಡೀಗಢದಲ್ಲಿ ರಾಡ್ ಕೊಳವೆ ಬೆಲ್ಟಿನ ಮೇಲೆ ಬಂದಾಗ ಮುಚ್ಚಳ ಇರಲಿಲ್ಲ. ಒಳಗೆ ರಾಡಿನ ತುದಿ ಒಂದು ಗೇಣು ಮುರಿದಿತ್ತು. ಆ ವಿಮಾನ ಕಂಪನಿಯವರು ಫಾರ್ಮ್ ತುಂಬಿಸಿಕೊಂಡರು, ಆಮೇಲೆ ನನ್ನ ಮೂರು ಈಮೇಲ್‌ಗೂ ಒಂದೇ ಉತ್ತರ, “ವಿಷಾದಿಸುತ್ತೇವೆ.” ಹಾಕಿದ ಶಾಪ ಇಲ್ಲಿ ಬರೆಯಲ್ಲ. ಆದರೆ ನನಗೆ ಟ್ರೌಟ್ ಹಿಡಿಯೋದು ಕಲಿಸಿದವರು ಅವರೇ.

ತುದಿಯಿಲ್ಲದ ರಾಡು ದೊಣ್ಣೆ ಇದ್ದ ಹಾಗೆ. ಹದಿನೈದು ಅಡಿಯಾಚೆ ಲೈನು ಹೋಗಲ್ಲ. ಬಂದಿದ್ದೀನಲ್ಲ, ಸುಮ್ಮನೆ ಕೂರೋದು ಹೇಗೆ ಅಂತ ಕಾಲ ಬುಡದ ಬಂಡೆಯ ಹಿಂದಿನ ಮಡುವಿಗೆ, ಬಕೆಟ್ಟಿನಷ್ಟು ಅಗಲದ ಜಾಗಕ್ಕೆ, ಒಂದು ಭಾರದ ನಿಂಫ್ (ನೀರೊಳಗಿನ ಕೀಟದ ಮರಿಯಂತೆ ಕಟ್ಟಿದ, ಮುಳುಗುವ ಫ್ಲೈ) ಇಳಿಬಿಟ್ಟೆ. ಲೈನು ನೀರಿಗೆ ತಾಗಲೇ ಇಲ್ಲ, ರಾಡ್ ಎತ್ತಿ ಹಿಡಿದೇ ಇದ್ದೆ. ನಿಂಫ್ ಬಂಡೆಯ ಮಗ್ಗುಲಲ್ಲಿ ಇಳಿಯಿತು, ಲೀಡರ್ ಹರಿವಿನ ಜೊತೆ ಬರುತ್ತಾ ಬರುತ್ತಾ ಒಂದು ಕ್ಷಣ ನಿಂತಿತು. ಜಗ್ಗಲಿಲ್ಲ, ಎಳೆಯಲಿಲ್ಲ, ನಿಂತಿತು, ಅಷ್ಟೇ. ಕಲ್ಲಿಗೆ ಸಿಕ್ಕಿತು ಅಂತ ಎತ್ತಿದರೆ ಕಲ್ಲು ಒದ್ದಾಡಿತು. ಆರೇಳು ಇಂಚಿನ ಬ್ರೌನ್. ಹೊಟ್ಟೆ ಬೆಣ್ಣೆ ಕಾಯಿಸಿದ ಬಣ್ಣ, ಬೆನ್ನಿನ ಮೇಲೆ ಕಪ್ಪು ಚುಕ್ಕೆ, ಪಕ್ಕೆಯಲ್ಲಿ ಕುಂಕುಮದ ಬೊಟ್ಟು, ಪ್ರತಿ ಬೊಟ್ಟಿನ ಸುತ್ತ ತಿಳಿ ಬಿಳಿ ಬಳೆ. ಕೈ ಒದ್ದೆ ಮಾಡಿಕೊಂಡು ಬಿಡಿಸಿ ನೀರಿಗೆ ಬಿಟ್ಟೆ. ಬಿಟ್ಟ ಮೇಲೆ ನೆನಪಾಯಿತು, ಫೋಟೋ ತೆಗೆದಿಲ್ಲ. ಇವತ್ತಿಗೂ ಅದನ್ನು ಯಾರೂ ನಂಬಿಲ್ಲ.

ಅರವತ್ತು ಅಡಿ ಹಾಕುವ ಹುಚ್ಚಿನಲ್ಲಿ ನಾನು ಮೊಣಕಾಲುದ್ದ ನೀರಿಗಿಳಿದು ನಿಲ್ಲುತ್ತಿದ್ದೆನಲ್ಲ, ಮೀನಿದ್ದದ್ದು ನಾನು ನಿಲ್ಲುತ್ತಿದ್ದ ಜಾಗದಲ್ಲೇ.

ಮನೆಗೆ ಬಂದು ಆರೇಳು ತಿಂಗಳು ಬೀಸೋದು ಬಿಟ್ಟು ಫ್ಲೈ ಕಟ್ಟೋದಕ್ಕೆ ಕೂತೆ. ತೀರ್ಥನ್‌ನಲ್ಲಿ ಹೊರಡುವ ದಿನ ಒಂದು ಕಲ್ಲು ಮಗುಚಿ ನೋಡಿದ್ದೆ. ಅಡಿಯಲ್ಲಿ ಚಪ್ಪಟೆ ಮೈಯ ಮೇಫ್ಲೈ ಕೀಟದ ಮರಿಗಳು, ಬಾಲಕ್ಕೆ ಮೂರು ಕೂದಲು, ಹುರುಳಿಕಾಳಿನ ಬಣ್ಣ. ಕಲ್ಲನ್ನು ಓರೆ ಮಾಡಿದರೆ ಏಡಿಯ ಹಾಗೆ ಅಡ್ಡಡ್ಡ ಸರಿದು ಹಿಂದಕ್ಕೆ ಹೋಗುತ್ತಿದ್ದವು. ಪಕ್ಕದಲ್ಲಿ ಮರಳಿನ ಕಣ ಅಂಟಿಸಿಕೊಂಡ ಕ್ಯಾಡಿಸ್ ಹುಳದ ಗೂಡುಗಳು. ಅಂಗಡಿಯ ರೆಡಿಮೇಡ್ ನಿಂಫ್‌ಗಳೆಲ್ಲ ಇವುಗಳ ಎದುರು ಗುಂಡುಗುಂಡಗೆ, ಮಿರಮಿರ ಮಿಂಚುವಂಥವು.

ಸಾಮಾನೆಲ್ಲ ಊರಿನದೇ. ಎಸ್‌ಜೆಪಿ ರಸ್ತೆಯ ಮೋಟರ್ ವೈಂಡಿಂಗ್ ಅಂಗಡಿಯಲ್ಲಿ ಕಿತ್ತುಹಾಕಿದ ತಾಮ್ರದ ತಂತಿ ಒಂದು ಹಿಡಿ, ಅವರು ದುಡ್ಡೇ ತಗೊಳ್ಳಲಿಲ್ಲ. ಚಿಕ್ಕಪೇಟೆಯಲ್ಲಿ ನಕಲಿ ಜರಿ ದಾರ ಒಂದು ಉಂಡೆ, ನಲವತ್ತೋ ಐವತ್ತೋ. ಬಾಲಕ್ಕೆ ಶಿವಾಜಿನಗರದ ನಾಟಿಕೋಳಿ ಪುಕ್ಕ. ಎದೆಗೆ ನವಿಲುಗರಿಯ ಎಳೆ, ತುಮಕೂರು ಕಡೆಯ ನಮ್ಮ ತೋಟದಲ್ಲಿ ಉದುರಿದ್ದನ್ನೇ ಹೆಕ್ಕಿದ್ದು. ಕಾಡುಕೋಳಿ ಗರಿ ಮಾತ್ರ ಯಾರು ಕೊಟ್ಟರೂ ಮುಟ್ಟಬೇಡಿ. ಹಳೆಯ ಸಾಲ್ಮನ್ ಫ್ಲೈಗಳಲ್ಲಿ ಕಣ್ಣಿನಂತೆ ಹೊಳೆಯುವ ಕತ್ತಿನ ಗರಿ ನಮ್ಮ ಪಶ್ಚಿಮಘಟ್ಟದ ಕಾಡುಕೋಳಿಯದೇ, ಆದರೆ ಅದು ಕಾನೂನಿನ ರಕ್ಷಣೆಯಲ್ಲಿರೋ ಹಕ್ಕಿ. ಅಂಟಿಗೆ ಮೊದಲು ಫೆವಿಕ್ವಿಕ್ ಬಳಸಿ ಹತ್ತು ಗಾಳ, ಎರಡು ಬೆರಳು ಕೆಡಿಸಿಕೊಂಡೆ. ಈಗ ಬಣ್ಣವಿಲ್ಲದ ಉಗುರು ಪಾಲಿಶ್. ಎದೆಯ ಭಾಗಕ್ಕೆ ನವಿಲಿನ ಎಳೆಯ ಜೊತೆ ಇನ್ನೊಂದು ಕೂದಲು ಬೆರೆಸ್ತೀನಿ. ಯಾವುದು ಅಂತ ಹೇಳಲ್ಲ. ನಮ್ಮನೆ ನಾಯಿಗೆ ಗೊತ್ತು, ಅಷ್ಟು ಸಾಕು.

ಭಾರದ ಲೆಕ್ಕಕ್ಕೆ ಮಗನ ಹಳೆಯ ಅಕ್ವೇರಿಯಂ. ತಂತಿಯಿಲ್ಲದ ಹನ್ನೆರಡು ನಂಬರಿನ ಗಾಳದ ಫ್ಲೈ ಒಂದಡಿ ಇಳಿಯೋಕೆ ಏಳೆಂಟು ಸೆಕೆಂಡು ತಗೊಳ್ತು. ಹದಿನಾಲ್ಕು ಸುತ್ತು ತಾಮ್ರ, ತಲೆಗೊಂದು ಹಿತ್ತಾಳೆ ಮಣಿ ಹಾಕಿದರೆ ಎರಡೂವರೆ ಸೆಕೆಂಡು. ತೀರ್ಥನ್‌ನ ಬಂಡೆ ಹಿಂದಿನ ಮಡುವನ್ನು ನೀರು ಮೂರು ನಾಲ್ಕು ಸೆಕೆಂಡಿನಲ್ಲಿ ದಾಟುತ್ತೆ. ಭಾರವಿಲ್ಲದ ನಿಂಫ್‌ಗಳು ತಳ ಕಾಣುವ ಹೊತ್ತಿಗೆ ಮುಂದಿನ ಮಡುವಿಗೆ ಹೋಗಿರುತ್ತವೆ.

ಹರಿಯುವ ನೀರಲ್ಲಿ ಅಭ್ಯಾಸಕ್ಕೆ ಮದ್ದೂರಿನ ಬಳಿ ಮಾವನವರ ಗದ್ದೆ ಪಕ್ಕದ ಉಪನಾಲೆ. ಕಟ್ಟೆಯಿಂದ ನೀರು ಬಿಟ್ಟ ದಿನ ಹೋಗಿ, ಗಾಳದ ಮೊನೆ ಕತ್ತರಿಸಿದ ಫ್ಲೈ ಬಿಟ್ಟು ಲೀಡರ್ ಓಟ ನೋಡುತ್ತಿದ್ದೆ. ಮಾವ ಎರಡು ದಿನ ಸುಮ್ಮನಿದ್ದು ಮೂರನೇ ದಿನ ಅತ್ತೆಯ ಹತ್ತಿರ ಪಿಸುಗುಟ್ಟಿದರಂತೆ, “ಅಳಿಯಂದ್ರು ಮೊನೆ ಇಲ್ದಿರೋ ಗಾಳ ಹಾಕ್ತಾವ್ರೆ, ಆಫೀಸಲ್ಲಿ ಏನಾದ್ರೂ ತೊಂದ್ರೆಯಾ?”

ಇದರ ನಡುವೆ ಕನಕಪುರ ರಸ್ತೆಯ ಗೆಳೆಯನ ಕೃಷಿ ಹೊಂಡದಲ್ಲಿ ಜಿಲೇಬಿ ಮೀನಿಗೆ ಅದೇ ಹುರುಳಿ ನಿಂಫ್ ಹಾಕಿದೆ. ಒಂದು ಸಂಜೆಗೆ ಇಪ್ಪತ್ತರ ಮೇಲೆ. ಜಿಲೇಬಿಗೆ ಇಡ್ಲಿ ತುಂಡು ಹಾಕಿದರೂ ಬೀಳುತ್ತೆ, ಅದು ಪರೀಕ್ಷೆಯೇ ಅಲ್ಲ, ಆದರೂ ಕೈಗೆ ಧೈರ್ಯ ಬಂತು. ಅದೇ ಹೊಂಡದ ಕಾಟ್ಲಾ ಮೀನು ತಿರುಗಿಯೂ ನೋಡಲಿಲ್ಲ. ಇನ್ನೊಂದು ಪ್ರಯೋಗ ಬೂಟಿನದು. ಹೊರದೇಶದ ಫೆಲ್ಟ್ ಅಡಿಯ ಬೂಟಿಗೆ ಹನ್ನೆರಡು ಸಾವಿರ ಹೇಳಿದರು. ಕ್ಯಾನ್ವಾಸ್ ಶೂಗೆ ಬಾಗಿಲ ನಾರಿನ ಮ್ಯಾಟ್ ಕತ್ತರಿಸಿ ಗಾಂಧಿಬಜಾರಿನ ಚಮ್ಮಾರರ ಹತ್ತಿರ ಹೊಲಿಸಿದೆ. ನಾಲೆಯಲ್ಲಿ ಅರ್ಧ ದಿನಕ್ಕೇ ಪೊರಕೆಯಂತೆ ಬಿಚ್ಚಿಕೊಂಡಿತು. ಆಮೇಲೆ ಜೆಸಿ ರಸ್ತೆಯ ಕಾರ್ ಸೀಟಿನ ಅಂಗಡಿಯಿಂದ ದಪ್ಪ ಫೆಲ್ಟ್ ತಂದು ಅವರ ಹತ್ತಿರವೇ ಎರಡು ಸಾಲು ಹೊಲಿಗೆ ಹಾಕಿಸಿದೆ. ಒಟ್ಟು ಏಳುನೂರು ಚಿಲ್ಲರೆ. ಪಾಚಿ ಕಲ್ಲಿನ ಮೇಲೆ ಹಲ್ಲಿ ಹಿಡಿದಂತೆ ಹಿಡಿಯುತ್ತೆ.

ಅಕ್ಟೋಬರ್‌ನಲ್ಲಿ ಹೋದಾಗ ರಾಡಿಗೆ ಹೊಸ ತುದಿ ಇತ್ತು. ಫ್ಲೈ ಲೈನನ್ನು ರೀಲಿನಿಂದ ಹೊರಗೆ ಬಿಡಲೇ ಇಲ್ಲ ಅಂದರೂ ಆದೀತು. ಹದಿನಾರು ಹದಿನೇಳು ಅಡಿಯ ಸಾದಾ ನೈಲಾನ್ ಲೀಡರ್, ನಡುವೆ ಒಂದಡಿಗೆ ಬಳೆ ಅಂಗಡಿಯ ಕಿತ್ತಳೆ ಉಗುರು ಪಾಲಿಶ್, ಕೆಳಗೆ ಟಿಪ್ಪೆಟ್ (ಇನ್ನೂ ತೆಳುವಾದ 4ಎಕ್ಸ್ ದಾರ), ಎರಡು ನಿಂಫ್. ಭಾರದ್ದು ತುದಿಗೆ, ಹಗುರದ್ದು ಒಂದೂವರೆ ಅಡಿ ಮೇಲೆ. ಗಾಳದ ಹಿಮ್ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿದ್ದೆ. ಕೆಳಗಿನಿಂದ ಮೇಲಕ್ಕೆ ನಡೆಯೋದು, ಮೀನು ಹರಿವಿಗೆ ಮುಖ ಮಾಡಿರುತ್ತಲ್ಲ. ಬಂಡೆಯ ಹಿಂದೆ ಕೂತು ಹನ್ನೆರಡು ಅಡಿ ಮೇಲಕ್ಕೆ ಎಸೆದು, ಕಿತ್ತಳೆ ಗುರುತು ನೀರಿನ ಮೇಲೆಯೇ ಇರುವಂತೆ ರಾಡ್ ಎತ್ತಿ, ನೀರಿನ ವೇಗಕ್ಕೇ ಕೈ ತರೋದು. ಗುರುತು ತಡೆದ ಕೂಡಲೇ ಎತ್ತೋದು. ಹತ್ತರಲ್ಲಿ ಎಂಟು ಸಲ ಅದು ಕಲ್ಲು. ತಂದಿದ್ದ ನಲವತ್ತು ಫ್ಲೈಯಲ್ಲಿ ಇಪ್ಪತ್ತಾರು ಹೀಗೇ ಹೋದವು. ಒಂದಕ್ಕೆ ಹತ್ತು ರೂಪಾಯಿಯೂ ಬೀಳಲ್ಲ ಅಂತ ಹೊಟ್ಟೆ ಉರಿಯಲಿಲ್ಲ.

ಬೆಳಗ್ಗೆ ನೀರು ಹತ್ತು ಡಿಗ್ರಿ, ಅಡಿಗೆಮನೆಯ ಥರ್ಮಾಮೀಟರಿನಲ್ಲಿ. ಹತ್ತು ಗಂಟೆಯವರೆಗೆ ಏನೂ ಇಲ್ಲ, ಕಾಲು ಮರಗಟ್ಟಿದ್ದಷ್ಟೇ. ಬಿಸಿಲು ನೀರಿಗೆ ಇಳಿದ ಮೇಲೆ ಶುರು. ಮೊದಲ ದಿನ ಎರಡು, ಎರಡನೇ ದಿನ ಐದು. ಅದರಲ್ಲಿ ಒಂದು ಹದಿನಾಲ್ಕು ಇಂಚು. ರಾಡಿನ ಮೇಲೆ ಗುರುತು ಮಾಡಿ ಅಳೆದಿದ್ದು, ಗುರುತು ಈಗಲೂ ಇದೆ, ಬಂದು ನೋಡಬಹುದು. ನಡುವೆ ಒಂದು ಸ್ನೋ ಟ್ರೌಟ್ ಕೂಡ ಬಿತ್ತು. ಅದು ಹೆಸರಲ್ಲಷ್ಟೇ ಟ್ರೌಟ್, ಕುಲದಲ್ಲಿ ನಮ್ಮ ಗೆಂಡೆಯ ನೆಂಟ, ಲೆಕ್ಕಕ್ಕೆ ಸೇರಿಸಿಲ್ಲ. ಇಲಾಖೆಯ ಲೈಸೆನ್ಸಿಗೆ ದಿನಕ್ಕೆ ನೂರು ರೂಪಾಯಿ ಕಟ್ಟಿದ್ದೆ, ಆದರೆ ಹಿಡಿದದ್ದನ್ನೆಲ್ಲ ಬಿಟ್ಟೆ. ಬಾಬೂಜಿಯ ಮಗ ಮೂರನೇ ದಿನ ಮಧ್ಯಾಹ್ನ ಸ್ಪಿನ್ನರ್ ರಾಡನ್ನು ಗೋಡೆಗೆ ಒರಗಿಸಿ ನನ್ನ ಹಿಂದೆ ಬಂದು ಕೂತ. ಅರ್ಧ ಗಂಟೆ ಮಾತಿಲ್ಲ. ನಾನು ಒಂದು ಹಿಡಿದ ಮೇಲೆ ಅವನ ಪ್ರಶ್ನೆ ಒಂದೇ, “ಈ ಚಿನ್ನದ ದಾರ ಎಲ್ಲಿ ಸಿಗುತ್ತೆ?”

ಅವನಿಗೆ ಚಿಕ್ಕಪೇಟೆಯಿಂದ ಎರಡು ಉಂಡೆ ಜರಿ ಕಳಿಸಿದ್ದೀನಿ. ನಾಯಿ ಕೂದಲು ಕಳಿಸಿಲ್ಲ. ಮಾರ್ಚ್‌ಗೆ ಮತ್ತೆ ಟಿಕೆಟ್ ಆಗಿದೆ, ಈ ಸಲ ರಾಡ್ ಕೊಳವೆ ನನ್ನ ಕೈಯಲ್ಲೇ ಬರುತ್ತೆ. ಬಿಡಲ್ಲ ಅಂದರೆ ರೈಲಿಗೆ ಹೋಗ್ತೀನಿ. ಜೊತೆಗೆ ಬರೋರಿದ್ದರೆ ಒಬ್ಬರಿಗೆ ಜಾಗ ಇದೆ. ಆದರೆ ಹದಿನಾಲ್ಕು ಇಂಚಿನದು ಬಿದ್ದ ಮಡುವನ್ನು ತೋರಿಸಲ್ಲ.