ಲೈಸೆನ್ಸ್ ಮೊದಲೇ ಆರಿಸಿಕೊಳ್ಳಿ

ಗೆಳೆಯರೇ, ನಿಮ್ಮ ಸಾಫ್ಟ್‌ವೇರ್ ಕೋಡನ್ನು ಇಂಟರ್ನೆಟ್‌ನಲ್ಲಿ ಎಲ್ಲರ ಮುಂದೆ ಹಾಕುವಾಗಲೇ, ಅದನ್ನು ಬೇರೆಯವರು ಹೇಗೆ ಬಳಸಬಹುದು ಎಂದು ಹೇಳುವ ಲೈಸೆನ್ಸ್ ಫೈಲ್ ಸೇರಿಸಿ. ಅದಿಲ್ಲದಿದ್ದರೆ ಕೋಡ್ ಎಲ್ಲರಿಗೂ ಕಾಣಿಸಿದರೂ ಬಳಸುವ ಹಕ್ಕು ಸಿಗುವುದಿಲ್ಲ.

ಯಾರು ಹೇಗೆ ಬೇಕಾದರೂ ಬಳಸಲಿ, ನಮ್ಮ ಹೆಸರು ಉಳಿದರೆ ಸಾಕು ಅಂತಿದ್ದರೆ ಎಂಐಟಿ ಎಂಬ ಲೈಸೆನ್ಸ್ ಆರಿಸಿ. ಪೇಟೆಂಟ್ ತಕರಾರಿನ ಭಯವಿದ್ದರೆ ಅಪಾಚೆ 2.0 ಲೈಸೆನ್ಸ್. ಇದರ ಕೋಡನ್ನು ಜಿಪಿಎಲ್ ಎಂಬ ಇನ್ನೊಂದು ಲೈಸೆನ್ಸ್‌ನ 3ನೇ ಆವೃತ್ತಿಯ ಕೋಡ್ ಜೊತೆ ಸೇರಿಸಬಹುದು, ಬರೀ 2ನೇ ಆವೃತ್ತಿ ಇದ್ದರೆ ಸೇರಿಸಲಾಗುವುದಿಲ್ಲ.

ತಿದ್ದಿ ಹಂಚುವವರು ತಮ್ಮ ಕೋಡನ್ನೂ ಕೊಡಬೇಕು ಅಂದರೆ ಜಿಪಿಎಲ್ ಸರಿ. ಆದರೆ ಒಬ್ಬರು ನಿಮ್ಮ ಕೋಡ್ ತಿದ್ದಿ, ತಮ್ಮ ಸರ್ವರ್‌ನಲ್ಲೇ ಓಡಿಸಿ, ವೆಬ್‌ಸೈಟ್ ಆಗಿ ಕೊಟ್ಟರೆ ಅದು ಹಂಚಿಕೆ ಅನ್ನಿಸಿಕೊಳ್ಳುವುದಿಲ್ಲ. ಅಲ್ಲೂ ಕೋಡ್ ಕೊಡಬೇಕು ಅನ್ನುವ ಎಜಿಪಿಎಲ್ ಲೈಸೆನ್ಸ್ ಬೇಕು. ಸಮುದಾಯದ ವೆಬ್ ಪ್ರಾಜೆಕ್ಟ್‌ಗೆ ನಾನು ಅದನ್ನೇ ಹೇಳುವುದು.

ಆಮೇಲೆ ಬದಲಾಯಿಸೋಣ ಅನ್ನಬೇಡಿ. ಆಗ ಸಾಮಾನ್ಯವಾಗಿ ಕೋಡ್ ಬರೆದುಕೊಟ್ಟ ಪ್ರತಿಯೊಬ್ಬರ ಒಪ್ಪಿಗೆ ಬೇಕು. ಎಂದೋ ಹತ್ತಿಪ್ಪತ್ತು ಸಾಲು ಬರೆದು ಹೋದವರ ಇಮೇಲ್ ಹುಡುಕುತ್ತಾ ಕೂರಬೇಕಾಗುತ್ತದೆ.